ಅಕ್ಕಿ ಬರುವ ದಾರಿ



ಅರ್ಧ ಹಾಜರಿ ಕಳೆದುಕೊಂಡು ರೇಷನ್ ಅಂಗಡಿಗೆ ಹೋದ ತಾಯಿ ಬರಿಯ ಚೀಲ ಹಿಡಿದು ಲೈನಿಗೆ ಹಿಂದಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. "ಲೋಡ್ ಬಂದಿಲ್ಲ, ನಾಳೆ ಬಾಮ್ಮ" ಎಂಬ ಒಂದು ಮಾತಿಗೆ ಕೂಲಿಯೂ ಹೋಯಿತು, ಅಕ್ಕಿಯೂ ಇಲ್ಲ. ಆ ಸಿಟ್ಟನ್ನು ಬಿಲ್ ಹಾಕುವವನ ಮೇಲೆ ತೀರಿಸಿ ಸುಮ್ಮನಾಗುತ್ತೇವೆ. ಇದು ಸಾಲದು.

ನಮ್ಮ ನೀಲಗಿರಿಯಲ್ಲಿ ಅಕ್ಕಿ ಹಲವು ಕೈ ದಾಟಿ ಬರುತ್ತದೆ. ಭಾರತ ಆಹಾರ ನಿಗಮದ ಗೋದಾಮಿನಿಂದ ತಮಿಳುನಾಡು ನಾಗರಿಕ ಸರಬರಾಜು ನಿಗಮದ ಗೋದಾಮಿಗೆ, ಅಲ್ಲಿಂದ ಲಾರಿಯಲ್ಲಿ ಅಂಗಡಿಗೆ. ಹೆಚ್ಚಿನ ಅಂಗಡಿಗಳನ್ನು ನಡೆಸುವುದು ಸಹಕಾರ ಸಂಘಗಳು. ಅಂಗಡಿಯ ಬಾಗಿಲಿಗೆ ಧಾನ್ಯ ಮುಟ್ಟಿಸುವುದು ರಾಜ್ಯ ಸರ್ಕಾರದ ಹೊಣೆ ಎಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಹೇಳುತ್ತದೆ. ಮೂಟೆ ಎಲ್ಲಿ ತಡವಾಯಿತು, ಎಲ್ಲಿ ಹಗುರವಾಯಿತು ಎಂದು ಕೇಳುವವರಿಲ್ಲದಿದ್ದರೆ ಕೊನೆಯ ಮನೆಗೆ ಬರಿಯ ಚೀಲವೇ ಗತಿ.

ಕೇಳುವ ಹಕ್ಕು ನಮಗಿದೆ. ಪ್ರತಿ ಅಂಗಡಿಗೂ ಜಾಗೃತ ಸಮಿತಿ ಇರಬೇಕು, ಅದರಲ್ಲಿ ಸ್ಥಳೀಯ ಸಂಸ್ಥೆಯವರೂ ಪರಿಶಿಷ್ಟರೂ ಮಹಿಳೆಯರೂ ಇರಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ದೂರು ಕೇಳಲು ಜಿಲ್ಲೆಗೊಬ್ಬ ಅಧಿಕಾರಿಯೂ ಇರಬೇಕು. ದಾಸ್ತಾನು ಎಷ್ಟೆಂದು ಅಂಗಡಿಯ ಫಲಕದಲ್ಲಿ ಬರೆದಿರಬೇಕು.

ಆದಿ ಧರ್ಮಸಭೆಯಲ್ಲಿಯೂ ಇಂಥದೇ ದೂರು ಎದ್ದಿತ್ತು. ಜೆರುಸಲೇಮಿನಲ್ಲಿ ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂದು ಜನ ಗೊಣಗಿದರು. ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ಹಂಚಿಕೆಗೆಂದೇ ಏಳು ಮಂದಿಯನ್ನು ಆರಿಸಿರಿ ಎಂದರು. ಆರಿಸಿದ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಬೇರೆ ಮಾತಿನವರೆಂದು ಕಚೇರಿಯ ಬಾಗಿಲಲ್ಲಿ ಹಿಂಜರಿಯುವ ನಾವು ಇದನ್ನು ಚೆನ್ನಾಗಿ ಗಮನಿಸಬೇಕು.

ಆದುದರಿಂದ ಪ್ರತಿ ಲೈನಿನವರೂ ಇಬ್ಬರು ಸಹೋದರಿಯರನ್ನು ಆರಿಸಲಿ. ಲೋಡ್ ಬಂದ ತಾರೀಖು, ಮೂಟೆಗಳ ಲೆಕ್ಕ, ಬರಿಗೈಯಲ್ಲಿ ಬಂದ ಮನೆಗಳು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಬಿಲ್ಲಾದ ಸಾಮಾನಿನ ವಿವರ ಮೊಬೈಲಿಗೆ ಬಂದಾಗ ತಮಿಳು ಓದಬಲ್ಲ ಮಕ್ಕಳಿಂದ ಓದಿಸಿ, ಚೀಲದೊಡನೆ ತಾಳೆ ನೋಡಬೇಕು.

ತಮಿಳುನಾಡಿನ ಗ್ರಾಮ ಪಂಚಾಯಿತಿಗಳಲ್ಲಿ ಮೇ 1ರಂದು ಗ್ರಾಮಸಭೆ ಸೇರುತ್ತದೆ. ಶ್ರಮಿಕ ಸಂತ ಜೋಸೆಫರ ಹಬ್ಬವೂ ಅಂದೇ, ಕೆಲಸಕ್ಕೆ ರಜೆಯೂ ಅಂದೇ. ಪೂಜೆ ಮುಗಿಸಿ, ಸಂಘದ ಬಾವುಟ ಏರಿಸಿ, ಆ ನೋಟ್‌ಬುಕ್ ಹಿಡಿದು ಎಲ್ಲರೂ ಸಭೆಗೆ ಹೋಗೋಣ. ಅನುದಿನದ ಆಹಾರಕ್ಕಾಗಿ ಬೇಡುವ ನಾವು ಅದು ಬರುವ ದಾರಿಯನ್ನೂ ಕಾಯೋಣ.