ಆಡುವವರು ಬೇರೆ, ಉಣ್ಣುವವರು ಬೇರೆ

1955ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಸಣ್ಣ ಕಾಲೇಜೊಂದರ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟಾಗಿ ತೀರಿಕೊಂಡ. (ಇದು ನಮ್ಮ ಕಾಲ್ಚೆಂಡಲ್ಲ, ಮೈಗೆ ಮೈ ಡಿಕ್ಕಿ ಹೊಡೆಸುವ ಅವರ ಆಟ.) ಕಾರ್ಮಿಕರಿಗೆ ಸಲ್ಲುವ ಪರಿಹಾರ ತನಗೂ ಸಲ್ಲಬೇಕೆಂದು ಅವನ ಹೆಂಡತಿ ಕೇಳಿದಳು. ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು.

ಆ ದೇಶದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ಟಂಕಿಸಿದ್ದು ಇದೇ ಕಾಲದಲ್ಲಿ. ಆಟಗಾರರನ್ನು ನೌಕರರೆಂದು ಕಾನೂನು ಎಣಿಸಿಬಿಟ್ಟೀತೆಂಬ ಭಯವೇ ಅದಕ್ಕೆ ಕಾರಣವೆಂದು, ಆ ಸಂಸ್ಥೆಯನ್ನು 1951ರಿಂದ 1987ರವರೆಗೆ ನಡೆಸಿದ ವಾಲ್ಟರ್ ಬೈಯರ್ಸ್ ತಮ್ಮ 1995ರ ಪುಸ್ತಕದಲ್ಲಿ ಒಪ್ಪಿಕೊಂಡರು. ನಿವೃತ್ತಿಯ ನಂತರ ಸತ್ಯ ನೆನಪಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ!

ಶುಲ್ಕ, ಊಟ, ವಸತಿ ಉಚಿತವಾಗಿ ಸಿಗುತ್ತದಲ್ಲ, ಅದಕ್ಕಿಂತ ಸಂಬಳ ಬೇಕೆ ಎಂದು ಪೋಷಕರು ಕೇಳಬಹುದು. ವಿದ್ಯೆ ಸಣ್ಣ ಪ್ರತಿಫಲವೇನೂ ಅಲ್ಲ. ಆದರೆ ಅಳತೆಗೋಲನ್ನು ಇನ್ನೊಂದು ಕಡೆಗೂ ಹಿಡಿಯಬೇಕು. ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಟಿ.ವಿ. ಪ್ರಸಾರಕ್ಕಾಗಿ 2010ರಲ್ಲಿ ಆದ 14 ವರ್ಷಗಳ ಕರಾರು 1,080 ಕೋಟಿ ಡಾಲರಿನದು. ಅನೇಕ ರಾಜ್ಯಗಳಲ್ಲಿ ಸರ್ಕಾರಿ ಲೆಕ್ಕದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ಕಾಲೇಜು ತಂಡದ ತರಬೇತುದಾರ. ಅತ್ತ, 2014ರಲ್ಲಿ ಕನೆಕ್ಟಿಕಟ್ ತಂಡ ಆ ಪಂದ್ಯಾವಳಿ ಗೆದ್ದಾಗ ಅದರ ಮುಖ್ಯ ಆಟಗಾರ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಎಂದಿದ್ದ. ಆಟಗಾರರ ಊಟದ ಮೇಲಿನ ಮಿತಿಯನ್ನು ಎನ್‌ಸಿಎಎ ಸಡಿಲಿಸಿದ್ದು ಆ ಗದ್ದಲವಾದ ಮೇಲೆಯೇ.

2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಟಗಾರರ ಪರ ನಿಂತರು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಸಂಪಾದಿಸುವುದಕ್ಕೆ ಅವಕಾಶವಾಯಿತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಒಂದೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ಹಂಚಬಹುದು.

ಕೊಡಬೇಕೆ ಎಂಬ ಪ್ರಶ್ನೆ ಹೀಗೆ ಬಹುಪಾಲು ಮುಗಿಯಿತು. ಹೇಗೆ ಎಂಬುದೇ ಈಗಿನ ತಕರಾರು. ಪರಿಹಾರದ ಹಣದಲ್ಲಿ ಸಿಂಹಪಾಲು ಹೋಗುವುದು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲಿಗೆ. ಗಳಿಸಿದವರಿಗೆ ಕೊಡುವುದು ನ್ಯಾಯವೆನ್ನುತ್ತಾರೆ. ಆದರೆ ಹೆಣ್ಣುಮಕ್ಕಳಿಗೆ ಸಮಪಾಲು ಕೇಳುವ 1972ರ ಕಾನೂನು ಅಲ್ಲೇ ಇದೆ. ಅದನ್ನು ಹಿಡಿದು ಕ್ರೀಡಾಪಟುಗಳು ಮೇಲ್ಮನವಿಗೂ ಹೋದರು. ಹಣ ತರದ ಈಜು, ಓಟ, ಕುಸ್ತಿಗಳಿಗೆ ಕತ್ತರಿ ಬಿದ್ದರೆ ಸಂಬಳವೆಂಬುದು ಕೆಲವರಿಗೆ ಹಬ್ಬ, ಹಲವರಿಗೆ ಉಪವಾಸ.

ನಮ್ಮವರಿಗೂ ಇದು ದೂರದ ಮಾತಲ್ಲ. ಮೈಸೂರಿನಲ್ಲಿ ಹುಟ್ಟಿದ ಡಿಸ್ಕಸ್ ಎಸೆತಗಾರ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪಳಗಿದವರು. 2014ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ತಂದರು. ಇಂದು ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಆಡಲು ಹೋಗುವವರಿಗೆ ದುಡಿಮೆಯ ಮೇಲೆ ಬಿಗಿಯಾದ ಮಿತಿಯಿದೆ. ಪಕ್ಕದ ಹುಡುಗ ಪಡೆದನೆಂದು ತಾನೂ ಜಾಹೀರಾತಿನ ಹಣ ಪಡೆದರೆ ವೀಸಾಕ್ಕೇ ಕುತ್ತು ಬರಬಹುದು. ಮಗನಿಗೋ ಮಗಳಿಗೋ ಅಲ್ಲಿಂದ ಕರೆ ಬಂದಾಗ ತಂದೆತಾಯಿ ಡಾಲರಿನ ಅಂಕಿಗಿಂತ ಮೊದಲು ಕೇಳಬೇಕಾದ್ದು ಬೇರೆ: ಎರಡನೇ ವರ್ಷ ಮೊಣಕಾಲು ಮುರಿದರೆ ಚಿಕಿತ್ಸೆಯ ಖರ್ಚು ಯಾರದು? ಆಡಲಾಗದಿದ್ದರೂ ಪದವಿ ಮುಗಿಯುವವರೆಗೆ ವಿದ್ಯಾರ್ಥಿವೇತನ ನಿಲ್ಲುವುದಿಲ್ಲವೆಂದು ಕಾಗದದಲ್ಲಿ ಬರೆದಿದೆಯೇ?