ಕಡಲ ದಂಡೆ ಯಾರ ಸೊತ್ತು?

ಗೋಕರ್ಣದ ಕಡೆ ಈಜುಕೊಳ, ಅಡಿಗೆಯವನು, ಆಳುಕಾಳು ಸಮೇತ ಇಡೀ ವಿಲ್ಲಾವನ್ನೇ ರಜಕ್ಕೆಂದು ಗೊತ್ತುಮಾಡುವುದು ಹಣವಂತರ ಈಚಿನ ಷೋಕಿ. ತಿಂಗಳುಗಟ್ಟಲೆ ಮೊದಲೇ ಅದರ ಯೋಜನೆ ನಡೆಯುತ್ತದೆ. ನಡೆಯಲಿ, ವಿಶ್ರಾಂತಿ ಪಾಪವೆಂದು ಯಾವ ಸಮಾಜವಾದಿಯೂ ಹೇಳಲಾರ. ಆದರೆ ಅದು ಯಾರ ಪಾಲಿಗೆ?

ನಮ್ಮ ಸೀಮೆಯ ಲೆಕ್ಕ ನೋಡಿ. ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆ ಗುತ್ತಿಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ ನಿಗದಿಯಾದದ್ದು 21,000 ರೂಪಾಯಿ. ದೊಡ್ಡ ವಿಲ್ಲಾದ ಒಂದು ರಾತ್ರಿಗೂ ಅದು ಸಾಲದು! 1948ರ ಕಾರ್ಖಾನೆ ಕಾಯಿದೆ 20 ದಿನದ ದುಡಿಮೆಗೆ 1 ದಿನ ಸಂಬಳದ ರಜ ಕೊಟ್ಟಿತು. ಪುರವರದ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಅದು ತಾಗಲೇ ಇಲ್ಲ. ಆಕೆ ಮಲಗಿದ ದಿನ ಕೂಲಿಯೂ ಮಲಗುತ್ತದೆ.

ಕಡಲವರ ಪಾಡೂ ಬೇರೆಯಲ್ಲ. 1991ರ ಕರಾವಳಿ ಅಧಿಸೂಚನೆ ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡಗಳನ್ನು ತಡೆದಿತ್ತು. 2019ರಲ್ಲಿ, ಜನ ದಟ್ಟವಾಗಿರುವ ಹಳ್ಳಿಗಳ ಮಟ್ಟಿಗೆ, ಅದು 50 ಮೀಟರಿಗೆ ಇಳಿಯಿತು. ಮೀನು ಒಣಗಿಸುವ, ದೋಣಿ ಎಳೆದಿಡುವ ಜಾಗದ ಬೆನ್ನಿಗೇ ಬೇಲಿ ಎದ್ದರೆ ಮೀನುಗಾರ ಎಲ್ಲಿಗೆ ಹೋಗಬೇಕು?

ದಂಡೆಗೆ ಇಳಿಯುವ ಪ್ರತಿಯೊಂದು ಕಾಲುದಾರಿಯೂ ಪಂಚಾಯತಿ ದಾಖಲೆಗೆ ಸೇರಿ ಸಾರ್ವಜನಿಕವೆಂದು ಘೋಷಣೆಯಾಗಬೇಕು. ಹೊಲದ ಕೂಲಿಗೂ ಸಂಬಳದ ರಜ ಕಾನೂನಿನಲ್ಲಿ ಬರಬೇಕು. ಸರ್ಕಾರ ದಂಡೆಯಲ್ಲಿ ಅಗ್ಗದ ತಂಗುಮನೆಗಳನ್ನು ಕಟ್ಟಲಿ. ಬೆಂಗಳೂರಿನ ಕಾರುಗಳು ಓಡುವ ದಿಕ್ಕಿಗೇ ಪುರವರದಿಂದಲೂ ಒಂದು ಬಸ್ಸು ಹೊರಡಲಿ.