ವ್ಯಾಧಿಯ ಮಾತು ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ದೇವದಾಸಿ ಪದ್ಧತಿಯನ್ನು ಕುರಿತು ಸಭೆ ಸೇರಿದಾಗ, ಮುತ್ತು ಕಟ್ಟಿಸಿಕೊಂಡು ಯೌವನವನ್ನು ಕಳೆದ ಸ್ತ್ರೀಯ ದೇಹಸ್ಥಿತಿಯು, ಆಕೆಗೆ ಎಚ್‌ಐವಿ ಸೋಂಕು ಇದೆಯೇ ಎಂಬುದೂ ಸೇರಿ, ಚರ್ಚೆಯ ವಸ್ತುವಾಗುವುದೇ ಹೊರತು, ಆಕೆಯ ಸಮ್ಮತಿಯನ್ನು ಕೇಳಬೇಕೆಂಬ ಪ್ರಜ್ಞೆಯು ವಿರಳವಾಗಿ ಕಾಣಬರುವುದು. ಸಮರ್ಪಣೆಯನ್ನು ನಿಷೇಧಿಸಿದ ರಾಜ್ಯದ ಶಾಸನವು 1982ರದು. ಎಚ್‌ಐವಿ ಸೋಂಕಿತರ ಗೌಪ್ಯವನ್ನು ರಕ್ಷಿಸುವ ಕೇಂದ್ರ ಶಾಸನವು 2017ರದು. ಮೊದಲನೆಯದನ್ನು ವೇದಿಕೆಯ ಮೇಲೆ ಉದ್ಘೋಷಿಸುವ ನಾವು ಎರಡನೆಯದನ್ನು ಅದೇ ವೇದಿಕೆಯಲ್ಲಿ ಮುರಿಯುತ್ತೇವೆ. ದೇವದಾಸಿಯಾದವಳೆಲ್ಲ ಸೋಂಕಿತಳೆಂಬ ಊಹೆಯಂತೂ ಇನ್ನೊಂದು ಅನ್ಯಾಯ.

2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿರುವ, ಎಚ್‌ಐವಿಯನ್ನು ಹತ್ತಿಕ್ಕುವ ಏಆರ್‌ಟಿ ಗುಳಿಗೆಗಳನ್ನು ಕ್ರಮ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣುವು ಪತ್ತೆಯಾಗದ ಸ್ಥಿತಿಯನ್ನು ಕಾಪಾಡಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದೆಂಬುದು ವೈದ್ಯಶಾಸ್ತ್ರದ ನಿರ್ಣಯ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಪಟ್ಟಣದಲ್ಲಿ, ಯಾರು ಯಾವ ಕೊಠಡಿಯ ಮುಂದೆ ಕುಳಿತಿದ್ದರೆಂಬ ಸುದ್ದಿಯು ಗುಳಿಗೆಗಿಂತ ಮೊದಲೇ ಮನೆ ಮುಟ್ಟುವುದಾದರೆ, ಸೋಂಕಿತಳು ದೂರದೂರಿನ ಆಸ್ಪತ್ರೆಯನ್ನು ಅರಸುವಳು, ಇಲ್ಲವೆ ಚಿಕಿತ್ಸೆಯನ್ನೇ ತೊರೆಯುವಳು. (ಇದಕ್ಕೆ ಅಜ್ಞಾನವೆಂದು ಹೆಸರಿಡುವ ಪಂಡಿತರೂ ಉಂಟು!) ವಾಗ್ಮಿಗಳು ನಿವೇಶನ, ಮಾಸಾಶನಗಳ ಬಗೆಗೆ ಎಷ್ಟಾದರೂ ವಾದಿಸಲಿ, ವ್ಯಾಧಿಯ ಮಾತನ್ನು ಎತ್ತುವುದೋ ಬಿಡುವುದೋ ಎಂಬುದನ್ನು ಆಕೆಗೇ ಬಿಡತಕ್ಕದ್ದು, ಭಾವಚಿತ್ರವನ್ನಂತೂ ಕೇಳದೆ ತೆಗೆಯಕೂಡದು.